ಹರ್ಪಿಸ್ ರಕ್ತಪರೀಕ್ಷೆ: ‘ಪಾಸಿಟಿವ್’ ಬಂದರೆ ಎಷ್ಟು ನಂಬಬೇಕು?

ಹರ್ಪಿಸ್ ರಕ್ತಪರೀಕ್ಷೆಯ ವರದಿ ಕೈಗೆ ಬಂದಾಗ ಕಣ್ಣು ಮೊದಲು ಹೋಗುವುದು ‘ಪಾಸಿಟಿವ್’ ಎಂಬ ಪದದ ಮೇಲೆ. ಹೋಗಬೇಕಾದ್ದು ಅದರ ಪಕ್ಕದ ಅಂಕಿಯ ಮೇಲೆ. ಅದಕ್ಕೂ ಮೊದಲು, ಮಾಡಿರುವುದು ಯಾವ ಪರೀಕ್ಷೆ ಎಂಬುದರ ಮೇಲೆ. ಎಚ್‌ಐವಿ ಪರೀಕ್ಷೆಯ ಮೇಲೆ ಇಡಬಹುದಾದಷ್ಟು ಭರವಸೆಯನ್ನು ಈ ಪರೀಕ್ಷೆಯ ಮೇಲೆ ಇಡುವಂತಿಲ್ಲ. ಎಚ್‌ಐವಿಯಲ್ಲಿ ಮೊದಲ ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಯಾರಿಗೂ ಸೋಂಕಿದೆ ಎಂದು ಹೇಳಿಬಿಡುವುದಿಲ್ಲ. ಸರ್ಕಾರಿ ಎಚ್‌ಐವಿ ಪರೀಕ್ಷಾ ಕೇಂದ್ರಗಳಾದ ಐಸಿಟಿಸಿಗಳಲ್ಲಿ ಬೇರೆ ಬೇರೆ ಮೂರು ಕಿಟ್‌ಗಳಲ್ಲಿ ನೋಡಿ ಖಚಿತಪಡಿಸುವ ಕ್ರಮವೇ ಇದೆ. ಹರ್ಪಿಸ್ ವಿಷಯದಲ್ಲಿ ಅಂಥ ಶಿಸ್ತನ್ನು ಯಾರೂ ಹೇರಿಲ್ಲ. ಒಂದು ಪರೀಕ್ಷೆ, ಒಂದು ಸಾಲು, ವಾಟ್ಸಾಪ್‌ಗೆ ಒಂದು ಪಿಡಿಎಫ್, ಅಲ್ಲಿಗೆ ಮುಗಿಯಿತು. ಎರಡನೇ ಪರೀಕ್ಷೆಯನ್ನು ರೋಗಿಯೇ ಕೇಳಿ ಪಡೆಯಬೇಕು. ಹೇಗೆ ಕೇಳಬೇಕು, ಯಾವಾಗ ಕೇಳಬೇಕು ಎಂಬುದಕ್ಕೆ ಈ ಲೇಖನ.

ಒಂದು ವರದಿಯನ್ನು ಎದುರಿಗೆ ಇಟ್ಟುಕೊಂಡೇ ಮಾತಾಡೋಣ. ಮದುವೆಗೆ ಮುಂಚೆ ಮಾಡಿಸಿದ ತಪಾಸಣೆ ಪ್ಯಾಕೇಜು ಎಂದುಕೊಳ್ಳಿ. ಹುಡುಗನ ವಯಸ್ಸು 29. ಗುಪ್ತಾಂಗದಲ್ಲಿ ಗುಳ್ಳೆಯಾಗಲಿ ಹುಣ್ಣಾಗಲಿ ಯಾವತ್ತೂ ಆಗಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಎಲ್ಲ ನೆಗೆಟಿವ್. ಕೊನೆಯ ಪುಟದಲ್ಲಿ ಮಾತ್ರ ದಪ್ಪಕ್ಷರ: ‘ಎಚ್‌ಎಸ್‌ವಿ-2 ಐಜಿಜಿ: 1.64 ಇಂಡೆಕ್ಸ್, ಪಾಸಿಟಿವ್’. ಬಲಗಡೆ ಸಣ್ಣ ಅಕ್ಷರದಲ್ಲಿ ಗಡಿಗಳು: 0.90ಕ್ಕಿಂತ ಕಡಿಮೆ ಇದ್ದರೆ ನೆಗೆಟಿವ್, 0.90ರಿಂದ 1.10 ಸಂದಿಗ್ಧ, 1.10 ದಾಟಿದರೆ ಪಾಸಿಟಿವ್. ಕಂಪ್ಯೂಟರು ಗಡಿ ದಾಟಿತೇ ಇಲ್ಲವೇ ಎಂದಷ್ಟೇ ನೋಡುತ್ತದೆ. 1.64 ಬಂದರೂ 9.8 ಬಂದರೂ ಅದು ಮುದ್ರಿಸುವ ಪದ ಒಂದೇ. ಈ ಎರಡು ಅಂಕಿಗಳ ಅರ್ಥ ಮಾತ್ರ ಒಂದೇ ಅಲ್ಲ.

ಮುಂದಕ್ಕೆ ಹೋಗುವ ಮೊದಲು ವೈರಸ್ಸಿನ ಬಗ್ಗೆ ನಾಲ್ಕು ಮಾತು. ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನಲ್ಲಿ (ಎಚ್‌ಎಸ್‌ವಿ) ಎರಡು ಬಗೆ. ಎಚ್‌ಎಸ್‌ವಿ-1 ಹೆಚ್ಚಿನಂಶ ಬಾಲ್ಯದಲ್ಲೇ ಮುತ್ತು, ಎಂಜಲಿನ ಮೂಲಕ ಅಂಟುತ್ತದೆ. ಜ್ವರ ಬಂದು ಹೋದ ಮೇಲೆ ತುಟಿಯಂಚಿನಲ್ಲಿ ಏಳುವ ಗುಳ್ಳೆಗಳು ಇದರವು. ಎಚ್‌ಎಸ್‌ವಿ-2 ಬಹುಮಟ್ಟಿಗೆ ಲೈಂಗಿಕ ಸಂಪರ್ಕದಿಂದ ಹರಡಿ ಜನನಾಂಗದ ಸುತ್ತಮುತ್ತ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನ 380 ಕೋಟಿ ಜನರಲ್ಲಿ, ಅಂದರೆ ಶೇ. 64ರಷ್ಟು ಜನರಲ್ಲಿ ಎಚ್‌ಎಸ್‌ವಿ-1 ಇದೆ. ಎಚ್‌ಎಸ್‌ವಿ-2 ಇರುವುದು 15ರಿಂದ 49 ವಯಸ್ಸಿನ 52 ಕೋಟಿ ಜನರಲ್ಲಿ, ಅಂದರೆ ಶೇ. 13. ಹುಟ್ಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇರುವ ಸೋಂಕಿನ ಬಗ್ಗೆ ಇಷ್ಟೊಂದು ನಾಚಿಕೆ ಯಾಕೋ! ಸರ್ಪಸುತ್ತಿಗೆ ಕಾರಣವಾದ ಹರ್ಪಿಸ್ ಜೋಸ್ಟರ್ ಬೇರೆಯೇ ವೈರಸ್, ಚಿಕನ್‌ಪಾಕ್ಸ್‌ನದು. ಅಜ್ಜನಿಗೆ ಸರ್ಪಸುತ್ತು ಆಗಿತ್ತು ಎಂಬುದಕ್ಕೂ ಈ ವರದಿಗೂ ಸಂಬಂಧವಿಲ್ಲ.

ಮೊದಲು ಪರೀಕ್ಷೆಯ ಹೆಸರು ಓದಿ

ಐಜಿಎಂ, ಐಜಿಜಿ ಎಂಬುವು ಸೋಂಕಿನ ವಿರುದ್ಧ ದೇಹ ತಯಾರಿಸುವ ಎರಡು ಬಗೆಯ ಪ್ರತಿಕಾಯಗಳು. ವರದಿಯಲ್ಲಿ ‘ಐಜಿಎಂ’ ಎಂದಿದ್ದರೆ ಅದನ್ನು ಪಕ್ಕಕ್ಕಿಡಬಹುದು. ಐಜಿಎಂ ಪಾಸಿಟಿವ್ ಎಂದರೆ ಇತ್ತೀಚೆಗೆ ಬಂದ ಸೋಂಕು ಎಂಬ ಮಾತು ಎಷ್ಟೋ ಕಡೆ ಓಡಾಡುತ್ತಿದೆ. ಹರ್ಪಿಸ್‌ಗೆ ಅದು ಹೊಂದುವುದಿಲ್ಲ. ಈ ಪರೀಕ್ಷೆ 1 ಮತ್ತು 2ನ್ನು ಬೇರ್ಪಡಿಸಿ ಹೇಳಲಾರದು. ಹಳೆಯ ಸೋಂಕು ಮರುಕಳಿಸಿದಾಗಲೂ ಪಾಸಿಟಿವ್ ಆಗಬಹುದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ 2021ರ ಮಾರ್ಗಸೂಚಿಯಲ್ಲಿ ಹರ್ಪಿಸ್‌ಗೆ ಐಜಿಎಂ ಪರೀಕ್ಷೆ ಮಾಡಿಸಲೇಬಾರದು ಎಂಬ ನಿಲುವು ತಳೆದಿದೆ. ‘ಹೆಂಡತಿಗೆ ಐಜಿಎಂ ಬಂದಿದೆ, ಹಾಗಾದರೆ ಈಚೆಗೆ ಯಾರಿಂದಲೋ ಬಂದಿರಬೇಕು’ ಎಂಬ ಲೆಕ್ಕ ಹಾಕುವ ಗಂಡಂದಿರು ಈ ಸಾಲನ್ನು ಎರಡು ಸಲ ಓದಲಿ.

ನಮ್ಮಲ್ಲಿ ಐಜಿಎಂ ಹೆಚ್ಚಾಗಿ ಕಾಣಿಸಿಕೊಳ್ಳುವುದು ಟಾರ್ಚ್ ಪ್ಯಾನೆಲ್‌ನಲ್ಲಿ. ಒಂದೆರಡು ಸಲ ಗರ್ಭಪಾತವಾದ ಹೆಣ್ಣುಮಕ್ಕಳಿಗೆ ಟೊಕ್ಸೊಪ್ಲಾಸ್ಮಾ, ರುಬೆಲ್ಲಾ, ಸಿಎಂವಿ, ಹರ್ಪಿಸ್ ಎಲ್ಲವನ್ನೂ ಒಟ್ಟಿಗೆ ನೋಡುವ ಈ ಪರೀಕ್ಷೆಯನ್ನು ಬರೆದುಕೊಡುವ ರೂಢಿ ಇನ್ನೂ ಹೋಗಿಲ್ಲ. ಮತ್ತೆ ಮತ್ತೆ ಗರ್ಭಪಾತವಾಗುವುದಕ್ಕೆ ಕಾರಣ ಹುಡುಕಲು ಟಾರ್ಚ್ ಪರೀಕ್ಷೆ ಬೇಡ ಎಂದು ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು ವರ್ಷಗಳ ಹಿಂದೆಯೇ ಹೇಳಿಯಾಗಿದೆ. ಆದರೂ ಆ ಪ್ಯಾನೆಲ್‌ನ ಹರ್ಪಿಸ್ ಐಜಿಎಂ ಸಾಲಿನಿಂದ ಎಷ್ಟು ಮನೆಗಳಲ್ಲಿ ಅತ್ತೆ-ಸೊಸೆ ನಡುವೆ ಮಾತು ಬೆಳೆದಿರಬಹುದೋ!

ಇನ್ನೊಂದು ತೊಡಕು ‘ಎಚ್‌ಎಸ್‌ವಿ 1+2 ಐಜಿಜಿ’ ಎಂಬ ಜಂಟಿ ಪರೀಕ್ಷೆಯದು. ಎರಡಕ್ಕೂ ಸೇರಿಸಿ ಒಂದೇ ಉತ್ತರ ಕೊಟ್ಟಿದ್ದರೆ ಆ ಪಾಸಿಟಿವ್‌ನಿಂದ ತಿಳಿಯುವುದು ಅತ್ಯಲ್ಪ. ಬಾಲ್ಯದಲ್ಲಿ ಅಜ್ಜಿ ಮುತ್ತಿಟ್ಟಾಗ ಬಂದ ತುಟಿಯ ವೈರಸ್ಸೂ ಅದರಲ್ಲಿ ಪಾಸಿಟಿವ್ ಆಗಿಯೇ ಬರುತ್ತದೆ. ಬೇಕಾದ್ದು ಟೈಪ್ ಸ್ಪೆಸಿಫಿಕ್ ಐಜಿಜಿ. ವೈರಸ್ಸಿನ ಹೊರಮೈಯಲ್ಲಿ ಗ್ಲೈಕೊಪ್ರೋಟೀನ್ ಜಿ ಎಂಬ ಪ್ರೋಟೀನ್ ಇದೆ. 1 ಮತ್ತು 2ರ ನಡುವೆ ಸ್ಪಷ್ಟ ವ್ಯತ್ಯಾಸ ಇರುವುದು ಅದರಲ್ಲೇ. ಹಾಗಾಗಿ ಒಳ್ಳೆಯ ಕಿಟ್‌ಗಳು ಜಿಜಿ-1, ಜಿಜಿ-2 ಎಂದು ಬೇರೆ ಬೇರೆ ನೋಡುತ್ತವೆ. ಹೀಗೆ ಬೇರೆಯಾಗಿ ನೋಡಿದಾಗಲೂ ಎಚ್‌ಎಸ್‌ವಿ-1 ಪಾಸಿಟಿವ್ ಎಂದರೆ ವೈರಸ್ ದೇಹದಲ್ಲಿದೆ ಎಂದಷ್ಟೇ ಅರ್ಥ, ತುಟಿಯಲ್ಲೋ ಕೆಳಗೋ ಎಂದು ರಕ್ತ ಹೇಳುವುದಿಲ್ಲ. ಇದಲ್ಲದೆ ಹೆಚ್ಚು ಬಳಕೆಯಲ್ಲಿರುವ ಒಂದು ಎಚ್‌ಎಸ್‌ವಿ-1 ಕಿಟ್, ಸೋಂಕಿರುವ ಹತ್ತು ಜನರಲ್ಲಿ ಸುಮಾರು ಮೂವರನ್ನು ಗುರುತಿಸದೆ ಬಿಟ್ಟುಬಿಡುತ್ತದೆ.

ಆಮೇಲೆ ಅಂಕಿ

ಎಚ್‌ಎಸ್‌ವಿ-2 ಐಜಿಜಿ ಮೇಲೆ ಹೆಚ್ಚು ಅಧ್ಯಯನ ಆಗಿರುವುದು ಅಮೆರಿಕದಲ್ಲಿ, ಅದರಲ್ಲೂ ಹರ್ಪಿಸೆಲೆಕ್ಟ್ ಎಂಬ, ಎಲೈಸಾ ವಿಧಾನದ ಕಿಟ್ ಮೇಲೆ. ಅದರ ಇಂಡೆಕ್ಸ್ 1.1ರಿಂದ 3.0ರ ನಡುವೆ ಬಂದರೆ ಸುಳ್ಳು ಪಾಸಿಟಿವ್ ಆಗಿರುವ ಸಾಧ್ಯತೆ ದೊಡ್ಡದು. ಸಿಡಿಸಿ ಮಾರ್ಗಸೂಚಿ ಉಲ್ಲೇಖಿಸುವ ಒಂದು ಅಧ್ಯಯನದಲ್ಲಿ ಈ ಕಿಟ್‌ನ ಒಟ್ಟಾರೆ ನಿರ್ದಿಷ್ಟತೆ (ಸೋಂಕಿಲ್ಲದವರಿಗೆ ಸರಿಯಾಗಿ ‘ಇಲ್ಲ’ ಎನ್ನುವ ಪ್ರಮಾಣ) ಶೇ. 57.4, 1.1ರಿಂದ 2.9ರೊಳಗಿನ ಅಂಕಿಗಳಿಗೆ ಅದು ಶೇ. 39.8ಕ್ಕೆ ಇಳಿದಿತ್ತು. ಇದನ್ನು ನೋಡಿಯೇ ಸಿಡಿಸಿ, 3.0ಕ್ಕಿಂತ ಕಡಿಮೆ ಅಂಕಿ ಬಂದಾಗ ಬೇರೆ ವಿಧಾನದ ಎರಡನೇ ಪರೀಕ್ಷೆ ಮಾಡದೆ ರೋಗಿಗೆ ಏನನ್ನೂ ಖಚಿತವಾಗಿ ಹೇಳಬೇಡಿ ಎಂದು ವೈದ್ಯರಿಗೆ ಸೂಚಿಸಿರುವುದು. 2023ರ ನವೆಂಬರಿನಲ್ಲಿ ಅಲ್ಲಿನ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಎಚ್‌ಎಸ್‌ವಿ-2 ರಕ್ತಪರೀಕ್ಷೆಗಳ ಸುಳ್ಳು ಪಾಸಿಟಿವ್ ಬಗ್ಗೆ ಎಚ್ಚರಿಕೆ ಹೊರಡಿಸಿತು.

ನಮ್ಮ ಹುಡುಗನ 1.64 ಬಿದ್ದಿರುವುದು ಸರಿಯಾಗಿ ಈ ಮಸುಕು ಪ್ರದೇಶದಲ್ಲಿ.

ಲಕ್ಷಣವೇ ಇಲ್ಲದವರನ್ನು ಪರೀಕ್ಷಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕವಿದೆ. ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2016ರಲ್ಲಿ ಮುಂದಿಟ್ಟದ್ದು. ಒಂದು ಲಕ್ಷ ಜನ, ಅವರಲ್ಲಿ ಶೇ. 16 ಮಂದಿಗೆ ನಿಜವಾಗಿ ಸೋಂಕು. ಪರೀಕ್ಷೆ ಸೋಂಕಿರುವ ನೂರರಲ್ಲಿ 99 ಜನರನ್ನು ಹಿಡಿಯುತ್ತದೆ, ಸೋಂಕಿಲ್ಲದ ನೂರರಲ್ಲಿ 81 ಜನರಿಗೆ ಸರಿಯಾಗಿ ‘ಇಲ್ಲ’ ಎನ್ನುತ್ತದೆ. ಕೇಳುವುದಕ್ಕೆ ಚೆನ್ನಾಗಿಯೇ ಇದೆ. ಬರುವ ಫಲ: 15,840 ನಿಜವಾದ ಪಾಸಿಟಿವ್, 15,960 ಸುಳ್ಳು ಪಾಸಿಟಿವ್. ಅರ್ಧಕ್ಕರ್ಧ ಸುಳ್ಳು! ಅದೇ ಪರೀಕ್ಷೆಯನ್ನು ಶೇ. 5ರಷ್ಟು ಮಂದಿಗೆ ಮಾತ್ರ ಸೋಂಕಿರುವ ಗುಂಪಿಗೆ ಮಾಡಿದರೆಂದು ಇಟ್ಟುಕೊಳ್ಳಿ. ನಿಜವಾದವು 4,950, ಸುಳ್ಳಾದವು 18,050. ಐದು ಪಾಸಿಟಿವ್‌ಗಳಲ್ಲಿ ಹೆಚ್ಚುಕಡಿಮೆ ನಾಲ್ಕು ಸುಳ್ಳು. ಕಿಟ್ ಬದಲಾಗಲಿಲ್ಲ, ಜನ ಬದಲಾದರು ಅಷ್ಟೆ. ಸೋಂಕಿನ ಸಂಭವ ಕಡಿಮೆ ಇದ್ದವರಲ್ಲಿ ಪಾಸಿಟಿವ್ ಸುಳ್ಳಾಗುವ ಸಂಭವ ಹೆಚ್ಚು ಎಂಬುದು ಈ ಲೆಕ್ಕದ ತಿರುಳು. ಲಕ್ಷಣವಿಲ್ಲದ ಜನರಿಗೆ ಸಾರಾಸಗಟಾಗಿ ಈ ಪರೀಕ್ಷೆ ಬೇಡ ಎಂದು ಆ ಮಂಡಳಿ ಅಂದೇ ಹೇಳಿ, 2023ರಲ್ಲಿ ಅದನ್ನೇ ಪುನರುಚ್ಚರಿಸಿತು.

ಆ 3.0 ಎಂಬ ಗಡಿಯನ್ನು ಎಲ್ಲ ಲ್ಯಾಬಿನ ವರದಿಗೂ ಹಚ್ಚುವಂತಿಲ್ಲ. ಇಲ್ಲಿನ ಲ್ಯಾಬ್‌ಗಳು ಬೇರೆ ಬೇರೆ ಕಂಪನಿಗಳ ಕಿಟ್ ಬಳಸುತ್ತವೆ. ಕೆಲವು ಇಂಡೆಕ್ಸ್‌ನಲ್ಲಿ, ಕೆಲವು ಸಿಒಐ (ಕಟ್-ಆಫ್ ಇಂಡೆಕ್ಸ್) ಎಂದು, ಇನ್ನು ಕೆಲವು ಮಿಲಿಲೀಟರಿಗೆ ಇಷ್ಟು ಯೂನಿಟ್ ಎಂದು ಬರೆಯುತ್ತವೆ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೋಲಿಸಬಾರದು. ಊರು ಬದಲಾದರೂ ಕಿಟ್‌ನ ನಡವಳಿಕೆ ಬದಲಾಗುತ್ತದೆ: ಉಗಾಂಡದ ರಕಾಯಿಯಲ್ಲಿ ಸಂಶೋಧಕರು ಇದೇ ಹರ್ಪಿಸೆಲೆಕ್ಟ್ ಬಳಸುವಾಗ ಪಾಸಿಟಿವ್ ಗಡಿಯನ್ನು ಮೇಲೇರಿಸಬೇಕಾಯಿತು. ಯಾವ ಕಿಟ್ ಆದರೂ, ನಿಮ್ಮ ಅಂಕಿ ಅದರ ಗಡಿಗೆ ಅಂಟಿಕೊಂಡಂತೆ ಇದ್ದರೆ ಅನುಮಾನಿಸಿ. ಗಡಿಯ ಹತ್ತು ಪಟ್ಟು ಇದ್ದರೆ ಅದು ನಿಜವಾಗಿರುವ ಸಂಭವ ಹೆಚ್ಚು. ಅಂಕಿ ದೊಡ್ಡದಾದರೆ ರೋಗ ಜೋರಾಗಿದೆ ಎಂದೇನೂ ಅಲ್ಲ. ಅದಕ್ಕೂ ಗುಳ್ಳೆಗಳ ಸಂಖ್ಯೆಗೂ ನಂಟಿಲ್ಲ.

ಖಚಿತಪಡಿಸಿಕೊಳ್ಳುವ ದಾರಿ

ಮೊದಲ ಆಲೋಚನೆ ‘ಬೇರೆ ಲ್ಯಾಬಿನಲ್ಲಿ ಇನ್ನೊಮ್ಮೆ ಕೊಟ್ಟು ನೋಡೋಣ’ ಎಂಬುದಾಗಿರುತ್ತದೆ. ಆ ಬೇರೆ ಲ್ಯಾಬೂ ಅದೇ ಕಿಟ್ ಬಳಸುತ್ತಿದ್ದರೆ ದುಡ್ಡು ದಂಡ. ನಿಮ್ಮ ರಕ್ತದಲ್ಲಿನ ಯಾವುದೋ ಬೇರೆ ಪ್ರತಿಕಾಯ ಆ ಕಿಟ್‌ನ ಪ್ರೋಟೀನಿಗೆ ತಪ್ಪಾಗಿ ಅಂಟಿಕೊಂಡಿದ್ದರೆ ಎರಡನೇ ಸಲವೂ ಅಂಟಿಕೊಳ್ಳುತ್ತದೆ. ಬದಲಾಗಬೇಕಾದ್ದು ವಿಧಾನ.

ಹರ್ಪಿಸ್ ರಕ್ತಪರೀಕ್ಷೆಗಳಲ್ಲಿ ಕೊನೆಯ ಮಾತು ಎಂದು ಎಲ್ಲರೂ ಒಪ್ಪುವುದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈರಾಣು ಪ್ರಯೋಗಾಲಯ ಮಾಡುವ ವೆಸ್ಟರ್ನ್ ಬ್ಲಾಟ್. 1980ರ ದಶಕದಲ್ಲಿ ಅಲ್ಲೇ ರೂಪುಗೊಂಡದ್ದು. ಎಲೈಸಾ ನೋಡುವುದು ಒಂದೇ ಪ್ರೋಟೀನನ್ನು. ಬ್ಲಾಟ್‌ನಲ್ಲಿ ವೈರಸ್ಸಿನ ಹಲವು ಪ್ರೋಟೀನುಗಳನ್ನು ತೂಕದ ಪ್ರಕಾರ ಒಂದು ಪಟ್ಟಿಯ ಮೇಲೆ ಬೇರ್ಪಡಿಸಿ, ರೋಗಿಯ ಸೀರಂ ಹಾಕಿ, ಯಾವ ಯಾವ ಗೆರೆ ಮೂಡುತ್ತದೆ ಎಂಬ ಇಡೀ ವಿನ್ಯಾಸವನ್ನು ತಜ್ಞರು ಓದುತ್ತಾರೆ. ಕತ್ತಲಲ್ಲಿ ದನಿ ಕೇಳಿ ಇಂಥವರೇ ಎನ್ನುವುದಕ್ಕೂ ದೀಪ ಹಚ್ಚಿ ಮುಖ ನೋಡುವುದಕ್ಕೂ ಇರುವಷ್ಟು ವ್ಯತ್ಯಾಸ. ಅಲ್ಲೂ ಕೆಲವೊಮ್ಮೆ ‘ನಿರ್ಧರಿಸಲಾಗದು’ ಎಂಬ ಉತ್ತರ ಬರುವುದುಂಟು. ಆಗ ಕೆಲ ವಾರ ಬಿಟ್ಟು ಮತ್ತೆ ಕೊಡಬೇಕಾಗುತ್ತದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ದಾರಿ ತೆರೆದಿದೆ. ವೈದ್ಯರಿಂದ ಆರ್ಡರ್ ಹಾಕಿಸಿ, ಹತ್ತಿರದ ಲ್ಯಾಬಿನಲ್ಲಿ ರಕ್ತ ತೆಗೆಸಿ, ಸೀರಂ ಬೇರ್ಪಡಿಸಿ ಸಿಯಾಟಲ್‌ಗೆ ಕಳಿಸಬೇಕು. ಎಷ್ಟೋ ವೈದ್ಯರಿಗೆ ಈ ವ್ಯವಸ್ಥೆ ಇರುವುದೇ ಗೊತ್ತಿರುವುದಿಲ್ಲ. ಹೆಸರು ಹೇಳಿ ಕೇಳಿ, ಸಂಕೋಚ ಬೇಡ.

ಬೆಂಗಳೂರು, ಹುಬ್ಬಳ್ಳಿಯಲ್ಲಿ ಕುಳಿತವರಿಗೆ ಅದು ಸುಲಭಕ್ಕೆ ಕೈಗೆಟಕುವುದಲ್ಲ. ಇಲ್ಲಿ ಮಾಡಬಹುದಾದ್ದು, ಮೊದಲು ಪರೀಕ್ಷೆ ಮಾಡಿದ ಲ್ಯಾಬಿಗೇ ಫೋನ್ ಹಚ್ಚುವುದು. ‘ಮೇಡಂ, ಈ ಎಚ್‌ಎಸ್‌ವಿ-2 ಟೆಸ್ಟು ಟೈಪ್ ಸ್ಪೆಸಿಫಿಕ್ಕಾ? ಜಿಜಿ-2 ಕಿಟ್ಟಾ? ಎಲೈಸಾನಾ, ಕ್ಲಿಯಾನಾ? ಕಂಪನಿ ಯಾವುದು?’ (ಕ್ಲಿಯಾ ಎಂಬುದು ಪ್ರತಿಕಾಯ ಅಳೆಯುವ ಇನ್ನೊಂದು ವಿಧಾನ.) ಕೌಂಟರಿನಲ್ಲಿ ಕೂತವರು ‘ಅದೆಲ್ಲ ಡಾಕ್ಟರನ್ನೇ ಕೇಳಿ ಸರ್’ ಎನ್ನುತ್ತಾರೆ. ಹಾಗಿದ್ದರೆ ವರದಿಯ ಕೆಳಗೆ ಸಹಿ ಹಾಕಿದ ಮೈಕ್ರೊಬಯಾಲಜಿಸ್ಟ್ ಜೊತೆಗೇ ಮಾತಾಡಿಸಿ ಎಂದು ಪಟ್ಟು ಹಿಡಿಯಿರಿ. ಅವರಿಗೆ ಇದು ಎರಡು ನಿಮಿಷದ ಉತ್ತರ. ಆ ವಿವರ ಹಿಡಿದುಕೊಂಡು ಚರ್ಮ ಮತ್ತು ಲೈಂಗಿಕ ರೋಗ ತಜ್ಞರ ಬಳಿ ಹೋದರೆ, ಬೇರೆ ವಿಧಾನದ ಕಿಟ್ಟೋ, ಪಟ್ಟಿಯ ಮೇಲೆ ಗೆರೆ ನೋಡುವ ಇಮ್ಯುನೊಬ್ಲಾಟ್ಟೋ ಯಾವ ರೆಫರೆನ್ಸ್ ಲ್ಯಾಬಿನಲ್ಲಿ ಸಿಗುತ್ತದೆ ಎಂದು ಅವರು ವಿಚಾರಿಸಿ ಬರೆದುಕೊಡಬಹುದು. ಎರಡು ಬೇರೆ ವಿಧಾನಗಳಲ್ಲೂ ಪಾಸಿಟಿವ್ ಬಂದರೆ ನಂಬಲು ಆಧಾರ ಗಟ್ಟಿ. ಒಂದು ಪಾಸಿಟಿವ್, ಒಂದು ನೆಗೆಟಿವ್ ಆದರೆ ಮೊದಲನೆಯದು ಸುಳ್ಳಾಗಿರುವ ಸಂಭವ ಹೆಚ್ಚು, ಲಕ್ಷಣಗಳೇ ಇಲ್ಲದವರಲ್ಲಂತೂ.

ಕಾಲದ ಲೆಕ್ಕವೂ ಬೇಕು. ಸೋಂಕು ತಗಲಿದ ಮರುವಾರವೇ ಐಜಿಜಿ ಮೂಡುವುದಿಲ್ಲ. ಕೆಲವರಿಗೆ ಮೂರು ವಾರದಲ್ಲಿ, ಬಹಳಷ್ಟು ಜನರಿಗೆ 12 ವಾರದೊಳಗೆ, ಒಬ್ಬಿಬ್ಬರಿಗೆ ಇನ್ನೂ ತಡವಾಗಿ. ‘ಹೋದ ಶನಿವಾರ ಏನೋ ಆಯಿತು’ ಎಂದು ಸೋಮವಾರ ರಕ್ತ ಕೊಟ್ಟರೆ ಬರುವ ನೆಗೆಟಿವ್‌ಗೆ ಅರ್ಥವಿಲ್ಲ. 12 ವಾರ ಕಳೆದು ಕೊಡಬೇಕು. ಆಗಲೂ ನೂರಕ್ಕೆ ನೂರು ಇಲ್ಲ. ಜಿಜಿ-2 ಕಿಟ್‌ಗಳು ಸೋಂಕಿರುವವರನ್ನು ಹಿಡಿಯುವ ಪ್ರಮಾಣ ಶೇ. 80ರಿಂದ 98.

ಗುಳ್ಳೆ ಇದ್ದಾಗ ರಕ್ತ ಬೇಡ

ಗುಪ್ತಾಂಗದಲ್ಲಿ ಗುಳ್ಳೆಯೋ ಹುಣ್ಣೋ ಎದ್ದಿರುವಾಗ ರಕ್ತ ಕೊಡಲು ಓಡುವುದು ತೀರಾ ಹಿಂದುಮುಂದಾದ ಕೆಲಸ. ಸಾಕ್ಷಿ ಕಣ್ಣೆದುರೇ ಇದೆ. ವೈದ್ಯರು ಸೂಜಿಯಿಂದ ಗುಳ್ಳೆಯ ಮೇಲ್ಪದರ ಬಿಡಿಸಿ, ಸ್ವಾಬ್ ಕಡ್ಡಿಯಿಂದ ಅದರ ಬುಡವನ್ನು ಸ್ವಲ್ಪ ಒತ್ತಿಯೇ ಉಜ್ಜಿ, ವೈರಲ್ ಟ್ರಾನ್ಸ್‌ಪೋರ್ಟ್ ದ್ರಾವಣದ ಟ್ಯೂಬಿಗೆ ಹಾಕಿ ಎಚ್‌ಎಸ್‌ವಿ ಪಿಸಿಆರ್‌ಗೆ ಕಳಿಸಬೇಕು. ತುಸು ಉರಿಯುತ್ತದೆ, ಅರ್ಧ ನಿಮಿಷದ ಉರಿ. ಕೋವಿಡ್ ಕಾಲದಲ್ಲಿ ಮೂಗಿನ ಸ್ವಾಬ್‌ಗೆ ಬಳಸಿದ ತಂತ್ರವೇ ಈ ಪಿಸಿಆರ್. ಎಫ್‌ಡಿಎ ಒಪ್ಪಿಗೆ ಪಡೆದ ಇಂಥ ಪರೀಕ್ಷೆಗಳು ಹುಣ್ಣಿನಲ್ಲಿ ವೈರಸ್ ಇದ್ದರೆ ಶೇ. 90ಕ್ಕೂ ಹೆಚ್ಚು ಸಲ ಹಿಡಿಯುತ್ತವೆ, 1 ಅಥವಾ 2 ಎಂದೂ ಹೇಳುತ್ತವೆ. ತಡ ಮಾಡಬಾರದು. ಎದ್ದ ಮೊದಲ ಒಂದೆರಡು ದಿನ ಉತ್ತಮ, ಒಣಗಿ ಹಕ್ಕಳೆ ಕಟ್ಟಿದ ಮೇಲೆ ವೈರಸ್ ಸಿಗುವುದು ಕಡಿಮೆ. ಮುಲಾಮು ಹಚ್ಚಿ ನೋಡೋಣ ಎಂದು ವಾರ ಕಳೆದವರಿಗೆ ಈ ಅವಕಾಶ ತಪ್ಪುತ್ತದೆ. ಚರ್ಮರೋಗ ವಿಭಾಗಗಳಲ್ಲಿ ಗಾಜಿನ ಮೇಲೆ ಸವರಿ ನೋಡುವ ಜಾಂಕ್ ಸ್ಮಿಯರ್ ಈಗಲೂ ಉಂಟು. ಅಗ್ಗ, ಬೇಗ, ಆದರೆ ಯಾವ ಬಗೆಯ ವೈರಸ್ ಎಂದು ಹೇಳಲಾರದು, ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಹುಣ್ಣಿಗೆ ಸಿಫಿಲಿಸ್ ಕಾರಣವೂ ಆಗಿರಬಹುದಾದ್ದರಿಂದ ಆ ಪರೀಕ್ಷೆಯನ್ನೂ ಎಚ್‌ಐವಿ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿ.

ಹಾಗಾದರೆ ರಕ್ತಪರೀಕ್ಷೆ ಯಾರಿಗೆ? ಗುಳ್ಳೆ ಮತ್ತೆ ಮತ್ತೆ ಬಂದರೂ ಸ್ವಾಬ್ ನೆಗೆಟಿವ್ ಬರುತ್ತಿದ್ದವರಿಗೆ, ನೋಡಿದ್ದೇ ‘ಹರ್ಪಿಸ್’ ಎಂದು ವೈದ್ಯರು ಹೇಳಿ ಯಾವತ್ತೂ ಲ್ಯಾಬಿನಲ್ಲಿ ಖಚಿತವಾಗದವರಿಗೆ, ಸಂಗಾತಿಗೆ ಜನನಾಂಗದ ಹರ್ಪಿಸ್ ಇರುವುದು ಖಚಿತವಾದವರಿಗೆ. ಪ್ಯಾಕೇಜಿನಲ್ಲಿ ಇದೆ, ಹೇಗೂ ದುಡ್ಡು ಕೊಟ್ಟಾಗಿದೆ ಎಂಬವರಿಗಲ್ಲ. ರಕ್ತದಾನಕ್ಕೆ ಹೋದಾಗ ನಮ್ಮ ರಕ್ತನಿಧಿಗಳು ಕಡ್ಡಾಯವಾಗಿ ನೋಡುವುದು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಹರ್ಪಿಸ್ ಆ ಪಟ್ಟಿಯಲ್ಲಿಲ್ಲ.

ಗರ್ಭಿಣಿಯರ ವಿಷಯ ಬೇರೆ ತೂಕದ್ದು. ಹೆರಿಗೆ ಹತ್ತಿರವಾದಾಗ ತಾಯಿಗೆ ಹೊಸದಾಗಿ ಜನನಾಂಗದ ಸೋಂಕು ತಗಲಿದರೆ ಮಗುವಿಗೆ ಹರಡುವ ಅಪಾಯ ಶೇ. 30ರಿಂದ 50. ಮೊದಲಿಂದಲೂ ಹರ್ಪಿಸ್ ಇದ್ದು ಮರುಕಳಿಸುತ್ತಿರುವ ತಾಯಂದಿರಲ್ಲಿ ಅದು ಶೇ. 1ಕ್ಕೂ ಕಡಿಮೆ. ಆದ್ದರಿಂದ ಗಂಡನಿಗೆ ಹರ್ಪಿಸ್ ಇದ್ದು ಹೆಂಡತಿಗೆ ಇಲ್ಲದಿದ್ದರೆ ಆ ವಿಷಯ ಹೆರಿಗೆ ಡಾಕ್ಟರಿಗೆ ಗೊತ್ತಿರಲೇಬೇಕು. ಕೊನೆಯ ಮೂರು ತಿಂಗಳು ಸಂಪರ್ಕ ಬೇಡ. ಹೆರಿಗೆ ನೋವು ಶುರುವಾದಾಗ ಹುಣ್ಣು ಇದ್ದರೆ ಸಿಸೇರಿಯನ್. ಇದನ್ನು ಮುಚ್ಚಿಡುವುದು ಮಗುವಿಗೆ ದುಬಾರಿ.

ದುಡ್ಡಿನ ಅಥವಾ ಗುಟ್ಟಿನ ಚಿಂತೆ ಇದ್ದವರಿಗೆ ಜಿಲ್ಲಾಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್‌ಗಳಿವೆ. ಲೈಂಗಿಕ ಸೋಂಕುಗಳಿಗೆ ಸಲಹೆ, ಚಿಕಿತ್ಸೆ ಅಲ್ಲಿ ಉಚಿತ, ಆಪ್ತಸಮಾಲೋಚಕರೂ ಇರುತ್ತಾರೆ. ಹೋಗುವ ಮುಂಚೆ ಮಾತಾಡಬೇಕೆನಿಸಿದರೆ 1097 ಉಚಿತ ಸಹಾಯವಾಣಿ. ಪಿಸಿಆರ್, ಎರಡನೇ ಐಜಿಜಿ ಅಲ್ಲೇ ಆಗುತ್ತದೆ ಎಂಬ ನಿರೀಕ್ಷೆ ಬೇಡ, ಆದರೆ ವರದಿಯನ್ನು ಓದಿ ಹೇಳುವವರು ಸಿಗುತ್ತಾರೆ.

ಎರಡನೇ ಪರೀಕ್ಷೆಯಲ್ಲೂ ಎಚ್‌ಎಸ್‌ವಿ-2 ಖಚಿತವಾಯಿತು ಎನ್ನಿ. ಲಕ್ಷಣವಿಲ್ಲದಿದ್ದರೂ ಆಗೊಮ್ಮೆ ಈಗೊಮ್ಮೆ ವೈರಸ್ ಚರ್ಮದಿಂದ ಹೊರಬೀಳುತ್ತದೆ, ಸಂಗಾತಿಗೆ ಹೇಳುವುದು ನ್ಯಾಯ. ಕಾಂಡೋಮ್ ಅಪಾಯ ತಗ್ಗಿಸುತ್ತದೆ. ದಿನವೂ ವ್ಯಾಲಸೈಕ್ಲೊವಿರ್ ತೆಗೆದುಕೊಂಡರೆ ಸಂಗಾತಿಗೆ ಹರಡುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೇಕೇ ಬೇಡವೇ ಎಂಬುದನ್ನು ವೈದ್ಯರ ಜೊತೆ ಕೂತು ನಿರ್ಧರಿಸಬೇಕು. ಖಚಿತವಾಗುವ ಮೊದಲೇ ಈ ಮಾತ್ರೆ ಶುರುಮಾಡುವುದಕ್ಕೆ ಅರ್ಥವಿಲ್ಲ. ಇನ್ನು ‘ಮೂರು ತಿಂಗಳಲ್ಲಿ ಐಜಿಜಿ ನೆಗೆಟಿವ್ ಮಾಡಿಕೊಡುತ್ತೇವೆ’ ಎಂದು ಫೇಸ್‌ಬುಕ್, ಯೂಟ್ಯೂಬ್‌ನಲ್ಲಿ ಪುಡಿ, ಕಷಾಯ ಮಾರುವವರಿದ್ದಾರೆ. ನಿಜವಾದ ಸೋಂಕಿನ ಐಜಿಜಿ ಬಹುತೇಕ ಜೀವನಪರ್ಯಂತ ಇರುವಂಥದ್ದು. ಯಾರಿಗಾದರೂ ಅವರ ಪುಡಿ ತಿಂದ ಮೇಲೆ 1.64 ಇದ್ದದ್ದು 0.8ಕ್ಕೆ ಇಳಿದಿದ್ದರೆ, ಆ 1.64 ಮೊದಲಿಂದಲೂ ಸುಳ್ಳಾಗಿದ್ದ ಸಂಭವವೇ ಹೆಚ್ಚು ಎಂದು ತಿಳಿಯಬೇಕು.